ಮನೆ ನೋಡಿ ಸ್ಪೀಕರ್ ತರಬೇಕು

ಕಮರ್ಷಿಯಲ್ ಸ್ಟ್ರೀಟ್‌ನಲ್ಲಿ ಸೀರೆ ಕೊಳ್ಳುವವರು ಮಡಿಕೆ ಬಿಡಿಸಿ, ಸೆರಗನ್ನು ಬೆಳಕಿಗೆ ಹಿಡಿದು ನೋಡಬಹುದು. ಅಲ್ಲಿಂದ ಶಿವಾಜಿನಗರದ ಕಡೆ ನಾಲ್ಕು ಹೆಜ್ಜೆ ಹಾಕಿ ಗುಜರಿಯಲ್ಲಿ ಹಳೇ ಆಂಪ್ಲಿಫೈಯರ್ ಕೊಳ್ಳುವವರಿಗೆ ಆ ಅನುಕೂಲವಿಲ್ಲ. ಧೂಳು ಒರೆಸಿ ಸಾಲಿಗೆ ನಿಲ್ಲಿಸಿದ ಮೇಲೆ ಅದು ಎಂಥಾ ಕಡೆ ಬಾಳಿ ಬಂತೆಂಬ ಗುರುತೇ ಉಳಿಯುವುದಿಲ್ಲ. ಅದಕ್ಕೇ ನಾನು ಹೇಳುವುದು: ಸಾಧ್ಯವಾದರೆ ಮಾರುವವರ ಮನೆಗೇ ಹೋಗಿ.

ದಂಡು ಪ್ರದೇಶದಲ್ಲಿ ಅಂಥ ಮನೆಗಳಿಗೆ ಬರವಿಲ್ಲ. ಫ್ರೇಜರ್ ಟೌನ್, ಕಾಕ್ಸ್ ಟೌನ್, ಹಲಸೂರು. ಮಕ್ಕಳು ಆಸ್ಟ್ರೇಲಿಯಾದಲ್ಲೋ ಕೆನಡಾದಲ್ಲೋ ನೆಲೆಸಿ, ಹಿರಿಯರು ಮನೆ ಖಾಲಿ ಮಾಡುವಾಗ ಎಚ್‌ಎಂವಿ ರೆಕಾರ್ಡ್ ಪ್ಲೇಯರು, ಸೋನೋಡೈನ್ ಸ್ಪೀಕರು, ಗಲ್ಫಿನಿಂದ ಹೊತ್ತು ತಂದ ಟೂ-ಇನ್-ಒನ್ ಹೊರಬರುತ್ತವೆ.

ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಮೂಗು ಚುರುಕಾಗಬೇಕು. ಸಿಗರೇಟು, ಸಾಂಬ್ರಾಣಿ, ಅಡುಗೆಮನೆಯ ಒಗ್ಗರಣೆ, ಎಲ್ಲದರ ಹೊಗೆಯೂ ಎಣ್ಣೆಜಿಡ್ಡಾಗಿ ಧೂಳಿನ ಜೊತೆ ಸೇರಿ ಸ್ವಿಚ್ಚು, ವಾಲ್ಯೂಮ್ ಕಂಟ್ರೋಲಿನೊಳಗೆ ಕೂರುತ್ತದೆ. ನಾಬ್ ತಿರುಗಿಸಿದರೆ ಕರಕರ ಎನ್ನುವುದು ಅದರಿಂದಲೇ. ಪುಟ್ಟ ಮಕ್ಕಳಿದ್ದಾರೆಯೇ? ಸ್ಪೀಕರಿನ ನಡುವಿನ ಗುಬುಟು ಒಳಕ್ಕೆ ತಗ್ಗಿದೆಯೇ ನೋಡಿ. ಬೆಕ್ಕಿದ್ದರೆ ಮುಂಭಾಗದ ಬಟ್ಟೆ ನೋಡಿ. ಫೋಮ್ ಅಂಚಿನ ಸ್ಪೀಕರಾದರೆ ಮಾತ್ರ ಮನೆಯವರನ್ನು ದೂರಬೇಡಿ, ಹದಿನೈದು ಇಪ್ಪತ್ತು ವರ್ಷ ಕಳೆದರೆ ಎಷ್ಟು ಜೋಪಾನ ಮಾಡಿದರೂ ಅದು ಪುಡಿಯಾಗುತ್ತದೆ. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿಗೆ ಉಪ್ಪುಗಾಳಿಯ ಕಾಟವಿಲ್ಲ. ಮಂಗಳೂರಿನ ಕಡಲ ಬದಿಯಿಂದ ಬಂದ ಸೆಟ್ಟಾದರೆ ನಾನು ಮೊದಲು ಸ್ಕ್ರೂಗಳ ತುಕ್ಕು ನೋಡುತ್ತೇನೆ.

ಆದರೆ ಚೊಕ್ಕಟವಾದ ಮನೆಯೆಂದು ಮರುಳಾಗಬಾರದು. ಕಸೂತಿ ಹಾಕಿದ ಬಟ್ಟೆ ಸರಿಸಿ, "ನಾವು ಹಾಕೋದೇ ಇಲ್ಲಪ್ಪ, ಹೊಸದರ ಥರಾನೇ ಇದೆ" ಎಂದರೆ ನನಗೆ ದಿಗಿಲಾಗುತ್ತದೆ. ವರ್ಷಗಟ್ಟಲೆ ಕರೆಂಟು ಕಾಣದ ಕೆಪ್ಯಾಸಿಟರುಗಳು ಸೊರಗುತ್ತವೆ, ಮೋಟಾರಿನ ಎಣ್ಣೆ ಅಂಟಾಗುತ್ತದೆ, ಬೆಲ್ಟು ಪುಲಿಯ ಮೇಲೆ ಬಾಗಿ ಕೂತಲ್ಲೇ ಗಟ್ಟಿಯಾಗುತ್ತದೆ. ನಾಬಿನ ಬಣ್ಣ ಬೆರಳು ತಾಗಿ ತಾಗಿ ಸವೆದಿರುವ, ಬೆಳಗಾದರೆ ಏನಾದರೊಂದು ಹಾಡುತ್ತಲೇ ಇರುವ ಸೆಟ್ಟು ಎಷ್ಟೋ ಮೇಲು. ಹಳೇ ರೇಡಿಯೋ ಆದರೆ ಲೈಸೆನ್ಸ್ ಪುಸ್ತಕ ಇದೆಯೇ ಎಂದು ಕೇಳಿ. 1980ರ ದಶಕದವರೆಗೂ ರೇಡಿಯೋ ಇಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ಶುಲ್ಕ ಕಟ್ಟಬೇಕಿತ್ತು. ಆ ಪುಸ್ತಕವನ್ನು ಇಂದಿಗೂ ಬಿಲ್ಲಿನ ಜೊತೆ ಬೀರುವಿನಲ್ಲಿ ಇಟ್ಟಿರುವ ಮನೆಯ ರೇಡಿಯೋವನ್ನು ನಾನು ಅರ್ಧ ನಂಬಿಯೇ ಬಿಡುತ್ತೇನೆ.

ಇನ್ನರ್ಧಕ್ಕೆ ಅವರ ಕೈ ನೋಡಬೇಕು. ನೀವು ಮುಟ್ಟಬೇಡಿ, "ಆಂಟಿ, ನಿಮಗಿಷ್ಟವಾದದ್ದು ಒಂದು ಹಾಕಿ" ಎನ್ನಿ. ರೆಕಾರ್ಡನ್ನು ಎರಡು ಅಂಗೈಗಳ ನಡುವೆ ಅಂಚಿನಲ್ಲೇ ಹಿಡಿದು ಕವರಿನಿಂದ ತೆಗೆದರೆ, ತೋಳನ್ನು ಕೈಬಿಡದೆ ಮೆಲ್ಲಗೆ ಇಳಿಸಿದರೆ, ಆ ಮನೆಯಲ್ಲಿ ಸಂಗೀತಕ್ಕೆ ಮರ್ಯಾದೆ ಇತ್ತು. ಸೂಜಿ ಯಾವಾಗ ಬದಲಾಯಿಸಿದಿರಿ ಎಂದೂ ಕೇಳಬಹುದು. ವಜ್ರದ ಸೂಜಿಯ ಆಯಸ್ಸು 500ರಿಂದ 1000 ಗಂಟೆ. ತಂದ ಅಂಗಡಿ, ಕೊಟ್ಟ ದುಡ್ಡು ಎರಡನ್ನೂ ನೆನಪಿಟ್ಟುಕೊಂಡವರ ಹತ್ತಿರ ಚೌಕಾಸಿ ಮಾಡಬಾರದು.

ದುಡ್ಡು ಕೊಟ್ಟ ಮೇಲೆ ಅಲ್ಲೇ, ಅವರೆದುರಿಗೇ ಟರ್ನ್‌ಟೇಬಲಿನ ತಟ್ಟೆ ಬಿಚ್ಚಿ, ತೋಳನ್ನು ದಾರದಿಂದ ಕಟ್ಟಿ, ಸೂಜಿಯನ್ನು ಬೇರೆ ಡಬ್ಬಿಗೆ ಹಾಕಿ. ಆಟೋ ಕರೆಯುವುದು ಆಮೇಲೆ.