ನಿಂತಾಗಿನ ಚಳಿ

ಫಿನ್ಸೆಗೆ ರಸ್ತೆಯಿಲ್ಲ. ಬೆರ್ಗೆನ್‌ನಿಂದ ಓಸ್ಲೋ ಕಡೆಗೆ ಹೋಗುವ ರೈಲು 1222 ಮೀಟರ್ ಎತ್ತರದ ಆ ನಿಲ್ದಾಣದಲ್ಲಿ ಇಳಿಸಿ ಹೊರಟ ಮೇಲೆ ಅಲ್ಲಿರುವುದು ಒಂದು ಹೋಟೆಲು, ನಾರ್ವೆಯ ಪ್ರವಾಸಿ ಸಂಘದ ದೊಡ್ಡ ತಂಗುಮನೆ, ಚದುರಿದ ಕೆಲವು ಮರದ ಮನೆಗಳು, ಮತ್ತೆ ಗಾಳಿ. ದಕ್ಷಿಣಕ್ಕೆ ಹಿಮನದಿಯ ಬೆಳ್ಳನೆಯ ಬೆನ್ನು. ಅದರ ಪಕ್ಕದಿಂದ ಸಾಗಿ ಆಚೆಗೆ ಇಳಿದರೆ ಹಾರ್ಡಾಂಗರ್‌ವಿಡ್ಡ, ಯುರೋಪಿನ ಅತಿ ದೊಡ್ಡ ಪರ್ವತ ಪ್ರಸ್ಥಭೂಮಿ. ಅಲ್ಲಿ ಮರ ಎಂಬುದು ಬೆಳೆಯುವುದಿಲ್ಲ. ಅಟ್ಲಾಂಟಿಕ್ ಕಡಲಿನಿಂದ ಬರುವ ಗಾಳಿಗೆ ಅಡ್ಡ ನಿಲ್ಲುವ ವಸ್ತು ಮನುಷ್ಯನ ಮೈಮೇಲಿನ ಬಟ್ಟೆ ಒಂದೇ. 1914ರಲ್ಲಿ ಅಂಟಾರ್ಕ್ಟಿಕಕ್ಕೆ ಹೊರಡುವ ಮುನ್ನ ಧ್ರುವಯಾತ್ರಿ ಶ್ಯಾಕಲ್‌ಟನ್ ತನ್ನ ಸಲಕರಣೆಗಳನ್ನು ಪರೀಕ್ಷಿಸಲು ಬಂದದ್ದು ಫಿನ್ಸೆಗೇ.

ನಾವು ಮೂವರು ಹೋಗಿದ್ದೆವು. ನಾನು, ಬೆರ್ಗೆನ್‌ನಲ್ಲಿ ಓದುತ್ತಿದ್ದ ನನ್ನ ತಮ್ಮ, ಮತ್ತು ನನ್ನ ಕಚೇರಿಯ ಹಿರಿಯ ಗೆಳತಿ. ಅವರಿಗೆ ಅರವತ್ತು ದಾಟಿದೆ. ನಡೆಯಲು ಕಲಿತ ಕಾಲಕ್ಕೇ ಸ್ಕೀ ಕಲಿತವರು. ನಾವಿಬ್ಬರು ತೀರ್ಥಹಳ್ಳಿ ಕಡೆಯವರು, ಹಿಮ ನೋಡಿದ್ದೇ ಇಲ್ಲಿಗೆ ಬಂದ ಮೇಲೆ. ಆದರೂ ಆ ಹೊತ್ತಿಗೆ ಇಬ್ಬರೂ ಒಂದು ಹದಕ್ಕೆ ಬಂದಿದ್ದೆವು. ಮಾರ್ಚ್ ಕೊನೆ. ಈಸ್ಟರ್ ಹಬ್ಬಕ್ಕೆ ಮೊದಲು ಸಂಘದವರು ಹಿಮದ ದಾರಿಯುದ್ದಕ್ಕೂ ಕೋಲುಗಳನ್ನು ನೆಟ್ಟು ಗುರುತು ಮಾಡಿರುತ್ತಾರೆ. ಆ ಕೋಲುಗಳನ್ನು ಹಿಡಿದು ದಕ್ಷಿಣಕ್ಕೆ 20 ಕಿಲೋಮೀಟರಿಗಿಂತ ಹೆಚ್ಚು ಸಾಗಿ ಕ್ರೆಕ್ಯಾ ಎಂಬ ತಂಗುಮನೆ ಸೇರುವುದು ನಮ್ಮ ಉದ್ದೇಶ.

ಬೆಳಿಗ್ಗೆ ಸೊನ್ನೆಗಿಂತ 12 ಡಿಗ್ರಿ ಕೆಳಗಿತ್ತು. ಗಾಳಿ ಸಂಜೆಯ ಹೊತ್ತಿಗೆ ಜೋರಾಗುತ್ತದೆ ಎಂದು ಹವಾಮಾನ ವರದಿ ಹೇಳಿತ್ತು. ಅಷ್ಟರೊಳಗೆ ಕ್ರೆಕ್ಯಾದಲ್ಲಿ ಇರುತ್ತೇವೆ ಎಂಬುದು ಲೆಕ್ಕ.

ಹೊರಡುವ ಮುಂಚೆ ಗೆಳತಿ ನಮ್ಮಿಬ್ಬರ ಚೀಲಗಳನ್ನು ಬಿಚ್ಚಿಸಿ ನೋಡಿದರು. ಹತ್ತಿಯ ಬಟ್ಟೆ ಒಂದೂ ಇರಬಾರದು, ಕರವಸ್ತ್ರ ಸಹ. ನಮ್ಮೂರಿನ ಸೆಕೆಗೆ ಹತ್ತಿಯಂಥ ಬಟ್ಟೆ ಬೇರೆ ಇಲ್ಲ. ಬೆವರನ್ನು ಹೀರಿ ಒದ್ದೆಯಾಗಿಯೇ ಉಳಿಯುವ ಅದೇ ಗುಣ ಇಲ್ಲಿ ಪ್ರಾಣಕ್ಕೆ ಎರವಾಗುತ್ತದೆ. ನೀರು ಮೈಯ ಶಾಖವನ್ನು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಸಾಗಿಸಿಬಿಡುತ್ತದೆ. ಉಣ್ಣೆ ಹಾಗಲ್ಲ. ತನ್ನ ತೂಕದ ಮೂರನೇ ಒಂದು ಪಾಲಿನಷ್ಟು ತೇವವನ್ನು ಎಳೆಯೊಳಗೇ ಇಟ್ಟುಕೊಂಡರೂ ಮುಟ್ಟಿದರೆ ಒದ್ದೆ ಅನ್ನಿಸುವುದಿಲ್ಲ. ಅವರು ಇದನ್ನು ವಿವರಿಸುವಾಗ ನನ್ನ ಕಣ್ಣಿಗೆ ಬಂದದ್ದು ನಮ್ಮಜ್ಜನ ಕಂಬಳಿಕೊಪ್ಪೆ. ಆಷಾಢದ ಮಳೆಯಲ್ಲಿ ದಿನವಿಡೀ ಗದ್ದೆಯಲ್ಲಿ ನಿಂತು ಬಂದು, ನೀರು ಸುರಿಯುವ ಕಂಬಳಿಯನ್ನು ಗಳುವಿಗೆ ಹಾಕಿ, ಒಳಗಿನ ಬೆಚ್ಚನೆಯ ಮೈಯಲ್ಲಿ ಜಗಲಿಗೆ ಬಂದು ಕೂರುತ್ತಿದ್ದರು.

ಮೈಗೆ ತಾಗಿದಂತೆ ನಾವು ಹಾಕಿದ್ದು ಉಣ್ಣೆಯ ಬಲೆ ಬನಿಯನ್. ಬೆರಳ ತುದಿ ತೂರುವಷ್ಟು ದೊಡ್ಡ ಕಣ್ಣುಗಳು. ಮೊದಲ ಸಲ ನೋಡಿದವರಿಗೆ ತೂತು ಬಿದ್ದ ಬಟ್ಟೆ ಬೆಚ್ಚಗಿರುವುದು ಹೇಗೆ ಎಂಬ ಅನುಮಾನ ಬಂದೇ ಬರುತ್ತದೆ. 1933ರಲ್ಲಿ ಹೆನ್ರಿಕ್ ಬ್ರುನ್ ಎಂಬ ನಾರ್ವೆಯ ಸೇನಾಧಿಕಾರಿ ಮೀನಿನ ಬಲೆಯಿಂದ ಇಂಥ ಅಂಗಿಯನ್ನು ಮೊದಲು ಮಾಡಿದ. ಅದರ ಮರ್ಮ ಇರುವುದು ಆ ಕಣ್ಣುಗಳಲ್ಲೇ. ಮೇಲೊಂದು ತೆಳು ಉಣ್ಣೆ ಅಂಗಿ ಬಿದ್ದರೆ ಪ್ರತಿ ಕಣ್ಣಿನಲ್ಲೂ ಗಾಳಿ ಅಲುಗದೆ ನಿಲ್ಲುತ್ತದೆ. ಅಲುಗದ ಗಾಳಿಗಿಂತ ಒಳ್ಳೆಯ ಹೊದಿಕೆ ಇಲ್ಲ. ಕತ್ತಿನ ಜಿಪ್ಪು ಇಳಿಸಿದರೆ ಅದೇ ಕಣ್ಣುಗಳ ಮೂಲಕ ಬೆವರಿನ ಆವಿ ಹೊರಗೆ ಹೋಗುತ್ತದೆ. 1953ರ ಎವರೆಸ್ಟ್ ತಂಡದವರೂ ಬಲೆ ಬನಿಯನ್ ತೊಟ್ಟಿದ್ದರು. ನಮ್ಮ ಬನಿಯನ್ ಮೇಲೆ ತೆಳು ಉಣ್ಣೆ, ಅದರ ಮೇಲೆ ಗಾಳಿ ತೂರದ, ಮುಖದಿಂದ ಮುಂದಕ್ಕೆ ಚಾಚುವ ಟೋಪಿಯಿದ್ದ ಹೊರಜಾಕೆಟ್. ನಡೆಯುವಾಗ ಇಷ್ಟೇ. ಹತ್ತಿ ತುಂಬಿದಂತೆ ಕಾಣುವ ಕೃತಕ ನಾರಿನ ದಪ್ಪ ಜಾಕೆಟ್ ಚೀಲದಲ್ಲಿ, ಎಲ್ಲದರ ಮೇಲೆ. ಅದನ್ನು ಒಂದು ಅಳತೆ ದೊಡ್ಡದೇ ಕೊಳ್ಳಬೇಕು. ಏನನ್ನೂ ಬಿಚ್ಚದೆ ಎಲ್ಲದರ ಮೇಲೆ ಎಳೆದುಕೊಳ್ಳುವಂತಿರಬೇಕು.

ಬೆಂಗಳೂರಿನಿಂದ ಈ ದೇಶಕ್ಕೆ ಬಂದವರು ಮೊದಲ ವಾರದಲ್ಲೇ ಕೊಳ್ಳುವುದು ಒಂದು ಭಾರೀ ಜಾಕೆಟ್. ಬಸ್‌ಸ್ಟ್ಯಾಂಡಿನಲ್ಲಿ ಕಾಯಲು ಅದು ಬೇಕು. ಬೆಟ್ಟ ಹತ್ತುವಾಗ ಅದನ್ನು ಹಾಕಿಕೊಂಡರೆ ಕಾಲು ಗಂಟೆಯಲ್ಲಿ ಒಳಗಿನದೆಲ್ಲ ತೊಯ್ದು ಹೋಗುತ್ತದೆ. ಆದ್ದರಿಂದ ಹೊರಡುವಾಗ ಸ್ವಲ್ಪ ಚಳಿಯಾಗಲೇಬೇಕು. ಅಂದು ಬೆಳಿಗ್ಗೆ ತಂಗುಮನೆಯ ಬಾಗಿಲಲ್ಲಿ ಮೂವರೂ ನಡುಗುತ್ತ ಸ್ಕೀ ಕಟ್ಟಿಕೊಂಡೆವು. ಮೊದಲ ಏರು ಮುಗಿಯುವಷ್ಟರಲ್ಲಿ ಮೈ ಹದಕ್ಕೆ ಬಂತು.

ಗಾಳಿ ಸಂಜೆಯವರೆಗೆ ಕಾಯಲಿಲ್ಲ. ಹಿಮನದಿಯ ಪೂರ್ವ ಅಂಚನ್ನು ಬಳಸಿ ಏರುತ್ತಿದ್ದಾಗಲೇ ನೆಲದ ಹಿಮ ಪುಡಿಯಾಗಿ ಎದ್ದು ಮೊಣಕಾಲ ಮಟ್ಟದಲ್ಲಿ ಹರಿಯತೊಡಗಿತು. ಆಮೇಲೆ ಸೊಂಟ, ಆಮೇಲೆ ಮುಖ. ಎದುರುಗಾಳಿ. ಗೆಳತಿ ಕೈಯಲ್ಲಿ ಹಿಡಿಯುವ ಪುಟ್ಟ ಗಾಳಿಮಾಪಕ ತೆಗೆದು ನೋಡಿದರು: ಸೆಕೆಂಡಿಗೆ 15 ಮೀಟರ್, ಅಂದರೆ ಗಂಟೆಗೆ 54 ಕಿಲೋಮೀಟರ್. ತಾಪಮಾನ ಸೊನ್ನೆಯ ಕೆಳಗೆ 14. ಎರಡೂ ಸೇರಿದರೆ ಬರಿಮೈಗೆ ಅದು ಸೊನ್ನೆಯ ಕೆಳಗೆ 28ರಷ್ಟು ಚಳಿ. ಚರ್ಮಕ್ಕೆ ಅಂಟಿದಂತೆ ಇರುವ ತೆಳ್ಳನೆಯ ಬೆಚ್ಚಗಿನ ಗಾಳಿಯ ಪೊರೆಯನ್ನು ಗಾಳಿ ಕಿತ್ತೊಯ್ಯುತ್ತಲೇ ಇರುತ್ತದೆ, ಮೈ ಹೊಸದನ್ನು ಮಾಡುತ್ತಲೇ ಇರಬೇಕಾಗುತ್ತದೆ.

ಇಂಥ ಏರಿನ ಕಷ್ಟ ಇದು. ದುಡಿಯುವ ಮೈ ಬೆವರುತ್ತದೆ, ಆದರೆ ಗಾಳಿಗೆ ಹೆದರಿ ಹೊರಜಾಕೆಟ್ ತೆಗೆಯುವಂತಿಲ್ಲ. ಕಂಕುಳ ಜಿಪ್ಪು ತೆರೆದೆವು, ನಡಿಗೆ ನಿಧಾನ ಮಾಡಿದೆವು. ನನಗೆ ಅಷ್ಟು ಸಾಕಾಯಿತು. ನನ್ನ ತಮ್ಮನ ಮೈ ದೊಡ್ಡದು, ಚಿಕ್ಕಂದಿನಿಂದಲೂ ಬೆವರು ಜಾಸ್ತಿ. ಅವನ ಬೆನ್ನಿನ ಮೇಲೆ, ಚೀಲ ಒತ್ತುವ ಜಾಗದಲ್ಲಿ, ಬೆವರಿನ ಆವಿ ಹೊರಗೆ ಬಂದು ಹೆಪ್ಪುಗಟ್ಟಿ ಬಿಳಿ ಪಟ್ಟೆ ಮೂಡಿತ್ತು. ಒಬ್ಬರಿಗೆ ಸರಿಹೊಂದಿದ ಬಟ್ಟೆ ಇನ್ನೊಬ್ಬರಿಗೆ ಹೊಂದುವುದಿಲ್ಲ ಎಂಬುದನ್ನು ಆ ಪಟ್ಟೆಯಲ್ಲೇ ನೋಡಬಹುದಿತ್ತು.

ಫಿನ್ಸ್‌ಬೆರ್ಗ್ ಸರೋವರದ ಕಡೆಗೆ ಇಳಿಯುವಾಗ ಅವನು ಬಿದ್ದ. ಗಾಳಿ ಕೆತ್ತಿದ ಹಿಮ ಅಲ್ಲಿ ಕಲ್ಲಿನಂತೆ ಗಟ್ಟಿಯಾದ ಏಣು ಏಣಾಗಿತ್ತು; ಸ್ಕೀಯ ತುದಿ ಒಂದು ಏಣಿಗೆ ಸಿಕ್ಕಿತು. ಮೈಗೆ ಏನೂ ಆಗಲಿಲ್ಲ. ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗ್ ಸ್ಕ್ರೂ ಸಮೇತ ಕಿತ್ತು ಬಂದಿತ್ತು. ಸ್ಕೀ ಇಲ್ಲದೆ ಕಾಲಿಟ್ಟರೆ ಹಿಮದಲ್ಲಿ ತೊಡೆಯವರೆಗೆ ಹೂತುಹೋಗುತ್ತದೆ. ರಿಪೇರಿ ಮಾಡಲೇಬೇಕು, ಅಲ್ಲೇ ಮಾಡಬೇಕು.

ಸ್ಕ್ರೂ ತಿರುಗಿಸಲು ದಪ್ಪ ಹೊರಗವಸು ಆಗುವುದಿಲ್ಲ. ಅವನು ಅದನ್ನು ಕಳಚಿದ. ಮಣಿಕಟ್ಟಿಗೆ ದಾರ ಕಟ್ಟಿದ್ದರಿಂದ ಗಾಳಿಗೆ ಹಾರಲಿಲ್ಲ. ಒಳಗಿನ ತೆಳು ಉಣ್ಣೆಯ ಗವಸಿನಲ್ಲೇ ಕಬ್ಬಿಣ ಹಿಡಿದು ಕೂತ. ಗೆಳತಿ ಮೊದಲು ಮಾಡಿದ ಕೆಲಸ ಅವನ ಚೀಲದಿಂದ ದಪ್ಪ ಜಾಕೆಟ್ ತೆಗೆದು ಅವನ ಮೇಲೆ ಎಳೆದದ್ದು. ನಾನು ಗಾಳಿಗೆ ಬೆನ್ನು ಕೊಟ್ಟು ಅವನಿಗೆ ಮರೆಯಾಗಿ ನಿಂತೆ. ಐದು ನಿಮಿಷದಲ್ಲಿ ನನ್ನ ತೊಡೆಗಳ ಸ್ಪರ್ಶ ಹೋಯಿತು. ಮೈ ದುಡಿಯುವುದು ನಿಂತ ಕೂಡಲೇ ಒಳಗಿನ ಒಲೆ ತಗ್ಗುತ್ತದೆ, ಬೆವರು ಮಾತ್ರ ಉಳಿದಿರುತ್ತದೆ. ಆ ಬೆವರು ತಣ್ಣಗಾಗುವುದು ಬೆನ್ನಿನಿಂದ ಶುರುವಾಗಿ ಪಕ್ಕೆಗೆ ಬರುವುದನ್ನು ನಾನು ಜಾಗ ಜಾಗವಾಗಿ ಗುರುತಿಸಬಲ್ಲವಳಾಗಿದ್ದೆ. ನನ್ನದು ಅಷ್ಟು. ಅವನದು ನನಗಿಂತ ಬಹಳ ಒದ್ದೆ.

ಸ್ಕ್ರೂ ಹಿಡಿಯಲಿಲ್ಲ. ಬೂಟನ್ನು ರಬ್ಬರ್ ಪಟ್ಟಿಯಿಂದ ಸ್ಕೀಗೆ ಬಿಗಿಯುತ್ತಿದ್ದಾಗ ಅವನ ಕೈಯಿಂದ ಪಟ್ಟಿ ಎರಡು ಸಲ ಜಾರಿತು. ಮೂರನೆಯ ಸಲ ಅವನು ಅದನ್ನು ಎತ್ತಿಕೊಳ್ಳಲಿಲ್ಲ. ಸುಮ್ಮನೆ ನೋಡುತ್ತ ಕೂತ.

"ಅಕ್ಕಾ, ನೀವಿಬ್ರೂ ಹೋಗ್ತಿರಿ. ನಾ ಸ್ವಲ್ಪ ಕೂತ್ಕಂಡು ಬತ್ತೀನಿ."

"ಏನೋ ಹಂಗಂದ್ರೆ? ಎದ್ದೇಳು."

"ಚಳಿ ಏನಿಲ್ಲ ಅಕ್ಕ. ನಿದ್ದೆ."

ಮಾತು ನಾಲಿಗೆಗೆ ಅಂಟಿಕೊಂಡು ಬರುತ್ತಿತ್ತು. ಅವನ ಮೂಗಿನ ತುದಿ ಮೇಣದ ಬಣ್ಣಕ್ಕೆ ತಿರುಗಿತ್ತು. ಗೆಳತಿಗೆ ಕನ್ನಡ ಬರುವುದಿಲ್ಲ, ಆದರೆ ಅವರು ದನಿ ಕೇಳಿಯೇ ತಿಳಿದುಕೊಂಡರು. ದೇಹದೊಳಗಿನ ಶಾಖ 35 ಡಿಗ್ರಿಗಿಂತ ಇಳಿಯತೊಡಗಿದಾಗ ಮೊದಲು ಕೆಡುವುದು ಬೆರಳಿನ ನಯ, ನಾಲಿಗೆಯ ನಯ, ಆಮೇಲೆ ತೀರ್ಮಾನ. ತಣಿಯುತ್ತಿರುವವನಿಗೆ ತಾನು ತಣಿಯುತ್ತಿದ್ದೇನೆ ಎಂದು ಗೊತ್ತಾಗುವುದಿಲ್ಲ. ನೋಡಿ ಹೇಳಲು ಇನ್ನೊಬ್ಬರು ಬೇಕು.

ಅವರು ಕೆಂಪು ಗಾಳಿಚೀಲ ಬಿಚ್ಚಿದರು. ನಾರ್ವೆಯಲ್ಲಿ ಬೆಟ್ಟಕ್ಕೆ ಹೋಗುವವರು ಚಳಿಗಾಲದಲ್ಲಿ ಇದನ್ನು ಬಿಟ್ಟು ಹೊರಡುವುದಿಲ್ಲ. ಎರಡು ಮೂರು ಜನ ಹೊಕ್ಕು ಕೂರುವಷ್ಟು ದೊಡ್ಡ, ಗಾಳಿ ತೂರದ ತೆಳು ಬಟ್ಟೆಯ ಚೀಲ. ಬಿಚ್ಚುವಾಗ ಅದು ಪಟಪಟನೆ ಬಡಿದುಕೊಂಡು ಕೈಯಿಂದ ಹೋಗಿಯೇಬಿಟ್ಟಿತು ಅನ್ನಿಸಿತು. ಬೆನ್ನುಚೀಲಗಳ ಮೇಲೆ ಕೂತು, ತಲೆಯ ಮೇಲಿಂದ ಎಳೆದು, ಅಂಚನ್ನು ಅಡಿಗೆ ಸೇರಿಸಿದ ಕೂಡಲೇ ಗಾಳಿ ಹೊರಗೆ ಉಳಿಯಿತು. ಮೂವರ ಉಸಿರಿಗೇ ಒಳಗೆ ಬಿಸಿಯಾಗತೊಡಗಿತು.

ಅಲ್ಲಿ ಅವನ ಅಂಗಿ ಬದಲಾಯಿಸಿದೆವು. ಚಳಿಯಲ್ಲಿ ತಣಿದವನ ಬಟ್ಟೆ ಬಿಚ್ಚುವುದಕ್ಕೆ ಮನಸ್ಸು ಒಪ್ಪುವುದಿಲ್ಲ. "ಒದ್ದೆಯ ಮೇಲೆ ಎಷ್ಟು ಹೊದಿಸಿದರೂ ಅವನು ಒದ್ದೆಯನ್ನೇ ಬಿಸಿ ಮಾಡುತ್ತಿರುತ್ತಾನೆ, ತೆಗೆ" ಎಂದರು ಗೆಳತಿ. ಬಲೆ ಬನಿಯನ್ ಆಶ್ಚರ್ಯವೆಂಬಂತೆ ಹೆಚ್ಚುಕಡಿಮೆ ಒಣಗಿತ್ತು. ಅದರ ಮೇಲಿನ ಅಂಗಿ ಹಿಂಡುವಂತಿತ್ತು. ಅದನ್ನು ಕಿತ್ತು, ಒಣ ಉಣ್ಣೆ ಅಂಗಿ ತೊಡಿಸಿ, ಅದರ ಮೇಲೆ ಗಾಳಿ ತಡೆಯುವ ಜಾಕೆಟ್, ಅದರ ಮೇಲೆ ದಪ್ಪ ಜಾಕೆಟ್. ಫ್ಲಾಸ್ಕಿನಿಂದ ಬ್ಲ್ಯಾಕ್‌ಕರಂಟ್ ಹಣ್ಣಿನ ಬಿಸಿ ಪಾನಕ ಕುಡಿಸಿದೆವು. ಅವನ ಬಲಗೈ ಬೆರಳುಗಳು ಬಿಳಿಚಿ ಬಿರುಸಾಗಿದ್ದವು. ಅಂಥ ಬೆರಳನ್ನು ಉಜ್ಜಬಾರದು, ಒಳಗಿನ ಜೀವಕೋಶ ಹರಿಯುತ್ತದೆ. ನಾನು ನನ್ನ ಜಾಕೆಟ್ ಎತ್ತಿ ಆ ಕೈಯನ್ನು ನನ್ನ ಹೊಟ್ಟೆಗೆ ಒತ್ತಿಕೊಂಡೆ. ಆ ತಣುಪಿಗೆ ನನ್ನ ಉಸಿರೇ ಕಟ್ಟಿತು. ಎಷ್ಟು ಹೊತ್ತು ಹಾಗೆ ಕೂತಿದ್ದೆವೋ ತಿಳಿಯದು. ಅವನು ನಡುಗಲು ಶುರು ಮಾಡಿದ, ಹಲ್ಲು ಕಟಕಟಿಸುವಷ್ಟು. ಗೆಳತಿ ಆ ನಡುಕ ಕಂಡು ನಿಟ್ಟುಸಿರು ಬಿಟ್ಟರು. ಮೈ ಮತ್ತೆ ತಾನೇ ಶಾಖ ಮಾಡಿಕೊಳ್ಳುತ್ತಿದೆ ಎಂದು. ನನಗೆ ಆಗ ಅಳು ಬಂತು.

ಇನ್ನು ಮುಂದಕ್ಕೆ ಹೋಗುವ ಮಾತೇ ಇರಲಿಲ್ಲ. 1967ರ ಈಸ್ಟರ್‌ನಲ್ಲಿ ನಾರ್ವೆಯ ಬೆಟ್ಟಗಳಲ್ಲಿ 18 ಜನ ಸತ್ತ ಮೇಲೆ ಅಲ್ಲಿನ ಪ್ರವಾಸಿ ಸಂಘ ಮತ್ತು ರೆಡ್‌ಕ್ರಾಸ್ ಸೇರಿ ಬೆಟ್ಟದ ನಿಯಮಗಳನ್ನು ಮನೆಮನೆಗೂ ಮುಟ್ಟಿಸಿದವು. ಮಕ್ಕಳು ತಿನ್ನುವ ಒಂದು ಚಾಕೊಲೇಟಿನ ಹೊದಿಕೆಯ ಒಳಬದಿಯಲ್ಲೂ ಅವು ಅಚ್ಚಾಗುತ್ತವೆ. ಎಂಟನೆಯದು ಸಮಯಕ್ಕೆ ಸರಿಯಾಗಿ ಹಿಂದಿರುಗುವುದರ ಕುರಿತು. ಅದರಲ್ಲಿ ನಾಚಿಕೆಯೇನೂ ಇಲ್ಲ ಎಂದು ಅಲ್ಲಿಯೇ ಸೇರಿಸಿದ್ದಾರೆ. ಚೀಲದಿಂದ ಹೊರಬಂದು ನಾನೇ ಅವನ ಬೂಟನ್ನು ಸ್ಕೀಗೆ ಬಿಗಿದೆ. ಉತ್ತರಕ್ಕೆ ತಿರುಗಿದೆವು.

ಈಗ ಗಾಳಿ ಬೆನ್ನಿಗೆ. ಒಂದು ಕೋಲು ಕಂಡ ಮೇಲೆ ಮುಂದಿನ ಕೋಲು ಕಾಣುವವರೆಗೆ ಒಬ್ಬರು ಮೊದಲಿನ ಕೋಲಿನ ಬಳಿಯೇ ನಿಲ್ಲುವುದು, ಹೀಗೆ ಸಾಗಿದೆವು. ಪ್ರತಿ ನಿಲುಗಡೆಯಲ್ಲೂ ಒಬ್ಬರ ಮುಖ ಒಬ್ಬರು ನೋಡಿ ಬಿಳಿ ಮಚ್ಚೆ ಹುಡುಕುವುದು. ನಾನು ತೊಡೆಗಳಿಗೆ ದಪ್ಪ ಚಡ್ಡಿ ಏರಿಸಿದ್ದೆ. ಪಕ್ಕದಲ್ಲಿ ಉದ್ದ ಜಿಪ್ಪಿರುವುದರಿಂದ ಬೂಟು ಬಿಚ್ಚದೆ ಹಾಕಬಹುದು. ಆ ಬಟ್ಟೆಯನ್ನು ಹೊಲಿದವರನ್ನು ನಾನು ದಾರಿಯುದ್ದಕ್ಕೂ ನೆನೆದೆ. ತಮ್ಮ ಮಾತಾಡಲಿಲ್ಲ. ನಾನು ಅವನಿಂದ ಮಾತು ಬಿಡಿಸುತ್ತಲೇ ಇದ್ದೆ: ಊರಿನ ಬಸ್ಸಿನ ಹೆಸರು ಹೇಳು, ದೊಡ್ಡಮ್ಮನ ಮಕ್ಕಳ ಹೆಸರು ಹೇಳು. ಉತ್ತರ ಸರಿ ಬಂದಷ್ಟು ಹೊತ್ತು ನನ್ನ ಕಾಲು ಮುಂದೆ ಹೋಗುತ್ತಿತ್ತು.

ತಂಗುಮನೆ ಸೇರಿದಾಗ ಕತ್ತಲಾಗುತ್ತಿತ್ತು. ಅಲ್ಲಿ ಬಟ್ಟೆ ಒಣಗಿಸಲೆಂದೇ ಬಿಸಿ ಕೋಣೆಯಿದೆ. ಹತ್ತಾರು ಜನರ ಗವಸು, ಕಾಲುಚೀಲ, ಅಂಗಿಗಳು ತೂಗುತ್ತಿದ್ದ ಅದರಲ್ಲಿ ಒದ್ದೆ ಉಣ್ಣೆಯ ವಾಸನೆ. ತಮ್ಮನ ಬೆರಳುಗಳನ್ನು ಉಗುರುಬೆಚ್ಚಗಿನ ನೀರಿನಲ್ಲಿ ಇಟ್ಟೆವು. ರಕ್ತ ಮರಳುವಾಗ ಆಗುವ ನೋವನ್ನು ನಾನು ಆವರೆಗೆ ನೋಡಿರಲಿಲ್ಲ. ದೊಡ್ಡವನಾದ ಮೇಲೆ ಅವನು ಅತ್ತದ್ದನ್ನು ನಾನು ಕಂಡದ್ದು ಅಂದೇ.

ರಾತ್ರಿ ಊಟದ ಮೇಲೆ ಗೆಳತಿ ನಾರ್ವೆಯ ಧ್ರುವಯಾತ್ರಿ ಅಮುಂಡ್ಸೆನ್ ಸಂಗತಿ ಹೇಳಿದರು. 1896ರ ಜನವರಿಯಲ್ಲಿ ಅವನೂ ಅವನ ಅಣ್ಣ ಲಿಯಾನ್‌ನೂ ಇದೇ ಪ್ರಸ್ಥಭೂಮಿ ದಾಟಲು ಹೊರಟು ದಾರಿ ತಪ್ಪಿದ್ದರು. ಒಂದು ರಾತ್ರಿ ಹಿಮದಲ್ಲಿ ಬಿಲ ತೋಡಿ ಮಲಗಿದ ಅಮುಂಡ್ಸೆನ್‌ನ ಸುತ್ತ ಒದ್ದೆ ಹಿಮ ಗಟ್ಟಿಯಾಗಿ ಅವನು ಅಲುಗದಂತಾದ. ಅಣ್ಣ ಅಗೆದು ಹೊರತೆಗೆದ. ಹದಿನೈದು ವರ್ಷದ ಮೇಲೆ ಅವನು ದಕ್ಷಿಣ ಧ್ರುವ ಮುಟ್ಟಿದ. ಉತ್ತರ ಕೆನಡಾದ ನೆಟ್ಸಿಲಿಕ್ ಜನರಿಂದ ಅವನು ಕಲಿತಿದ್ದು ತುಪ್ಪಳದ ಬಟ್ಟೆಯನ್ನು ಸಡಿಲವಾಗಿ ತೊಡುವುದನ್ನು, ಬೆವರದಂತೆ ಕೆಲಸ ಮಾಡುವುದನ್ನು. ತಮ್ಮ ಬ್ಯಾಂಡೇಜಿನ ಕೈಯನ್ನು ಮೇಜಿನ ಮೇಲಿಟ್ಟುಕೊಂಡು ಕೇಳಿದ.

ಬೆರ್ಗೆನ್‌ನಲ್ಲಿ ವೈದ್ಯರು ನೋಡಿದರು. ಎರಡು ಬೆರಳ ತುದಿಯಲ್ಲಿ ನೀರುಗುಳ್ಳೆ ಎದ್ದಿತ್ತು. ಚರ್ಮ ಸುಲಿದು ಹೊಸದು ಬಂತು. ಬೆರಳು ಉಳಿಯಿತು. ಮುಂದಿನ ಚಳಿಗಾಲಗಳಲ್ಲಿ ಆ ಬೆರಳುಗಳಿಗೆ ಚಳಿ ಬೇಗ ತಾಗುತ್ತದೆ ಎಂದರು, ಹಾಗೆಯೇ ಆಗುತ್ತಿದೆ. ಮರುವರ್ಷ ಮೂವರೂ ಕ್ರೆಕ್ಯಾ ಮುಟ್ಟಿದೆವು. ತಮ್ಮ ಈಗ ಎರಡು ಒಣ ಅಂಗಿ ಹೊರುತ್ತಾನೆ. ದೊಡ್ಡ ಏರು ಮುಗಿದ ಕೂಡಲೇ, ಬಿಸಿಲಿದ್ದರೂ ಸರಿ, ಬಂಡೆಯ ಮರೆ ಹುಡುಕಿ ಬೆವರಿದ ಅಂಗಿ ಬದಲಾಯಿಸುತ್ತಾನೆ. ನಾವಿಬ್ಬರು ಅವನಿಗೆ ಗಾಳಿ ತಾಗದಂತೆ ಅಡ್ಡ ನಿಲ್ಲುತ್ತೇವೆ.