ಎಸ್ಪೆರಾರ್ ಅಂದ್ರೆ ಕಾಯೋದು

ಪ್ರಾಜೆಕ್ಟ್ ಅಂತ ಮ್ಯಾಡ್ರಿಡ್‌ಗೆ ಬಂದ ಮೊದಲ ವಾರವೇ ನನಗೆ ಗಂಟುಬಿದ್ದ ಪದ 'ಎಸ್ಪೆರಾರ್'. ಕ್ಲಿನಿಕ್ಕಿನ ಬಾಗಿಲ ಮೇಲೆ 'ಸಾಲಾ ದೆ ಎಸ್ಪೆರಾ', ಅಂದ್ರೆ ಕಾಯುವ ಕೋಣೆ. ಸ್ಟಾಪಿನಲ್ಲಿ ನಿಂತವರೂ ಬಸ್ಸಿಗೆ 'ಎಸ್ಪೆರಾರ್' ಮಾಡ್ತಾರೆ. ಸರಿ, 'ಕಾಯೋದು' ಅಂತ ನೋಟ್‌ಬುಕ್ಕಲ್ಲಿ ಬರ್ಕೊಂಡೆ.

ಸಂಜೆ ಕ್ಲಾಸಿನ ಟೀಚರ್ ಬಂದು ಎಲ್ಲಾ ಕಲಸಿಬಿಟ್ರು. 'ಎಸ್ಪೆರೊ ಆ ಮಿ ಪಾದ್ರೆ' ಅಂದ್ರೆ 'ಅಪ್ಪನಿಗೆ ಕಾಯ್ತಿದ್ದೀನಿ'. 'ಎಸ್ಪೆರೊ ಕೆ ವೆಂಗಾ ಮಿ ಪಾದ್ರೆ' ಅಂದ್ರೆ 'ಅಪ್ಪ ಬರಲಿ ಅಂತ ಆಸೆ ಇಟ್ಕೊಂಡಿದ್ದೀನಿ'. ನಡುವೆ 'ಕೆ' ಬಂದ್ರೆ ಮುಂದಿನ ಕ್ರಿಯಾಪದವೂ ರೂಪ ಬದಲಿಸುತ್ತೆ. 'ವಿಯೆನೆ' ಹೋಗಿ 'ವೆಂಗಾ' ಆಗುತ್ತೆ. ನಮ್ಮ 'ಬರ್ತಾರೆ' ಹೋಗಿ 'ಬರಲಿ' ಆಗೋ ಹಾಗೆ. ಆಸೆಪಟ್ಟಿದ್ದೆಲ್ಲ ಆಗಿಯೇ ತೀರುತ್ತೆ ಅಂತಿಲ್ಲವಲ್ಲ! ಬಸುರಿ ಹೆಂಗಸು ಮಗುವನ್ನ 'ಎಸ್ಪೆರಾರ್' ಮಾಡೋದೂ ಇದೇ ಪದದಲ್ಲಿ.

"ಕಾಯೋದೋ, ಆಸೆಯೋ ಅಂತ ಹೇಗೆ ಗೊತ್ತಾಗುತ್ತೆ?" ಅಂದೆ.

"ಒಂದೊಂದ್ಸಲ ಹೇಳೋರಿಗೂ ಗೊತ್ತಿರಲ್ಲ" ಅಂತ ನಕ್ಕರು.

ಆ ಚಳಿಗಾಲದಲ್ಲೇ ಮೈಸೂರಲ್ಲಿ ಅಪ್ಪನಿಗೆ ಹಾರ್ಟ್ ಆಪರೇಷನ್ ಆಯ್ತು. ರಜೆ ಸಿಗಲಿಲ್ಲ. ಅಲ್ಲಿ ಬೆಳಿಗ್ಗೆ ಹತ್ತೂವರೆ, ಇಲ್ಲಿ ಆರು. ಅಡುಗೆಮನೆಯಲ್ಲಿ ಫೋನ್ ಮುಂದಿಟ್ಕೊಂಡು ಕೂತಿದ್ದೆ. ಮನೆ ಓನರ್ ಅಜ್ಜಿ ಎದ್ದು ಬಂದು, ಏನ್ ಮಾಡ್ತಿದ್ದೀಯ ಅಂದ್ರು. "ಎಸ್ಪೆರೊ" ಅಂದೆ. ಯಾರಿಗೆ, ಯಾತಕ್ಕೆ ಅಂತ ಕೇಳಲಿಲ್ಲ. ಕಾಫಿ ಮಾಡಿ ತಂದು ಪಕ್ಕದಲ್ಲಿ ಕೂತ್ರು.

ಅಮ್ಮನಿಗೆ ಫೋನ್ ಮಾಡಿದೆ. "ಥಿಯೇಟರ್ ಬಾಗಿಲ ಹತ್ರಾನೇ ಕಾಯ್ತಾ ಕೂತಿದ್ದೀನಿ ಕಣೋ" ಅಂದ್ಲು.

ಹುಟ್ಟಿದಾಗಿಂದ ಕೇಳಿದ ಪದ ಅವತ್ತು ಹೊಸದಾಗಿ ಕೇಳಿಸ್ತು. ಕುರಿ ಕಾಯ್ತೀವಿ, ಹೊಲ ಕಾಯ್ತೀವಿ, 'ದೇವರು ಕಾಯಲಿ' ಅಂತೀವಿ. ಸ್ಪ್ಯಾನಿಷ್‌ನವರ ಕಾಯುವಿಕೆಯೊಳಗೆ ಆಸೆ ಇದ್ರೆ, ನಮ್ಮದರೊಳಗೆ ಕಾವಲಿದೆ. ಅಮ್ಮ ಆ ಬಾಗಿಲ ಮುಂದೆ ಬರೀ ಹೊತ್ತು ಕಳೀತಾ ಇರಲಿಲ್ಲ, ಅಪ್ಪನ್ನ ಕಾಯ್ತಿದ್ಲು. ಇಷ್ಟು ದೂರದಲ್ಲಿದ್ದ ನನಗೆ ಕಾವಲು ಕೂರೋಕೆ ಬಾಗಿಲೂ ಇರಲಿಲ್ಲ. ಉಳಿದಿದ್ದು 'ಎಸ್ಪೆರಾರ್' ಒಂದೇ.

ಅಪ್ಪ ಹುಷಾರಾದ್ರು. ಮನೆಗೆ ಬಂದ ದಿನ ವಿಡಿಯೋ ಕಾಲ್‌ನಲ್ಲಿ "ಯಾವಾಗ ಬರ್ತೀಯೋ?" ಅಂದ್ರು. "ನೋಡ್ತೀನಪ್ಪಾ, ಮಾರ್ಚಲ್ಲಿ ಆಗಬಹುದು" ಅಂದೆ.

"ಆಯ್ತು, ಕಾಯ್ತಿರ್ತೀನಿ."

ಯಾವ ಅರ್ಥದಲ್ಲಿ ಅಂತ ಕೇಳಲಿಲ್ಲ. ಫೋನಿಟ್ಟು ಟಿಕೆಟ್ ಬುಕ್ ಮಾಡಿದೆ.