ಮನೆಯೂ ಸಾಮಾನೂ

ಮನೆಗೆ ಸುಣ್ಣ ಬಳಿಸುವ ಮುಂಚೆ ಸಾಮಾನು ಹೊರಗಿಡಬೇಕೆಂದು ನಮಗೆ ಯಾವ ಶಾಲೆಯಲ್ಲೂ ಕಲಿಸಲಿಲ್ಲ. ಅಟ್ಟದ ಮೇಲಿನ ಹಿತ್ತಾಳೆ ಕೊಳದಪ್ಪಲೆಯಿಂದ ಹಿಡಿದು ದೇವರ ಪಟದವರೆಗೆ ಯಾವುದನ್ನು ಮೊದಲು ಇಳಿಸಬೇಕು, ಯಾವುದನ್ನು ಇನ್ನೊಬ್ಬರ ಕೈಗೆ ಕೊಡಬಾರದು ಎಂಬ ಲೆಕ್ಕವೆಲ್ಲ ಹೆಂಗಸರ ತಲೆಯಲ್ಲೇ ಇರುತ್ತದೆ. ಇಷ್ಟು ಬಲ್ಲ ನಾವು ಕಂಪ್ಯೂಟರಿನ ಮುಂದೆ ಮಾತ್ರ ಏಕೆ ಕೈಕಟ್ಟಿ ನಿಲ್ಲುತ್ತೇವೆ? ಅಲ್ಲಿ ಮಾಡಬೇಕಾದದ್ದೂ ಹೆಚ್ಚುಕಡಿಮೆ ಇದೇ ಕೆಲಸ.

ನಮ್ಮ ಮನೆಯ ಕಂಪ್ಯೂಟರಿನಲ್ಲಿರುವುದು ಲಿನಕ್ಸ್ ಮಿಂಟ್. ದುಡ್ಡು ಕೊಡಬೇಕಾಗಿಲ್ಲ, ಹಳೆಯ ಯಂತ್ರದಲ್ಲೂ ಗೊಣಗದೆ ಓಡುತ್ತದೆ ಎಂದು ಮಗ ಹಾಕಿಕೊಟ್ಟಿದ್ದ. ಅದರ 20ನೆಯ ಆವೃತ್ತಿಗೆ 2025ರ ಏಪ್ರಿಲ್‌ನಲ್ಲಿ ಸುರಕ್ಷತೆಯ ತಿದ್ದುಪಡಿಗಳು ನಿಂತವು. 2024ರ ಜುಲೈನಲ್ಲಿ ಬಂದ 22ನೆಯದಕ್ಕಾದರೆ 2029ರವರೆಗೆ ಆ ಚಿಂತೆಯಿಲ್ಲ. "ಹಬ್ಬಕ್ಕೆ ಬಂದಾಗ ನಾನೇ ಹಾಕ್ತೀನಮ್ಮ, ನೀನು ಮುಟ್ಟಬೇಡ" ಎಂದ ಮಗ. ಹಬ್ಬಗಳು ಬಂದು ಹೋದವು. ಅವನಿಗೆ ರಜೆ ಸಿಗಲಿಲ್ಲ.

ಅವನ ಅಂಜಿಕೆಗೆ ಕಾರಣವಿತ್ತು. ಆರು ವರ್ಷದ ಹಿಂದೆ ತೀರಿಕೊಂಡ ನಮ್ಮತ್ತೆಯ ದನಿ ಆ ಕಂಪ್ಯೂಟರಿನಲ್ಲಿತ್ತು. ಹಸೆಗೆ ಕರೆಯುವುದು, ಆರತಿ ಎತ್ತುವುದು, ಮಗಳನ್ನು ಒಪ್ಪಿಸಿಕೊಡುವುದು ಹೀಗೆ 23 ಹಾಡುಗಳು. ಅಡುಗೆಮನೆಯಲ್ಲಿ ಕೂತು ಹಾಡಿದ್ದರಿಂದ ನಡುವೆ ಕುಕ್ಕರಿನ ಸೀಟಿಯೂ ಇದೆ, "ಆ ಒಲೆ ಆರಿಸೇ" ಎಂದು ನನ್ನನ್ನು ಗದರಿದ್ದೂ ಇದೆ. ಹೋದರೆ ಮತ್ತೆ ಹಾಡಿಸೋಣ ಎನ್ನಲು ಅತ್ತೆ ಇಲ್ಲವಲ್ಲ!

ಒಂದು ಭಾನುವಾರ ನಾನೇ ಕೂತೆ. ಮೊದಲು ಮಾಡಿದ ಕೆಲಸ ಸಾಮಾನು ಹೊರಗಿಡುವುದು. ಲಿನಕ್ಸ್‌ನಲ್ಲಿ ಇದು ಸುಲಭ. ಯಂತ್ರವನ್ನು ನಡೆಸುವ ತಂತ್ರಾಂಶವೆಲ್ಲ ಒಂದು ಕಡೆ ಇದ್ದರೆ, ನಮ್ಮ ಫೋಟೋ, ಪತ್ರ, ಹಾಡುಗಳೆಲ್ಲ ‘ಹೋಮ್’ ಎಂಬ ಕಡತಕೋಶದಲ್ಲಿರುತ್ತವೆ. ಹೆಸರೇ ಮನೆ! ಅದನ್ನು ಹಾಗೇ ಹೊರಗಿನ ಹಾರ್ಡ್‌ಡಿಸ್ಕಿಗೆ ನಕಲು ಮಾಡಿಕೊಂಡೆ. ಚುಕ್ಕಿಯಿಂದ ಹೆಸರು ಶುರುವಾಗುವ ಕಡತಗಳು ಕಣ್ಣಿಗೆ ಬೀಳುವುದಿಲ್ಲ; ಕಂಟ್ರೋಲ್ ಮತ್ತು ಎಚ್ ಕೀಲಿ ಒಟ್ಟಿಗೆ ಒತ್ತಿದರೆ ಅವೂ ಹೊರಬರುತ್ತವೆ. ಪೆನ್‌ಡ್ರೈವ್ ಬಳಸುವವರು ಇನ್ನೊಂದು ಮಾತು ನೆನಪಿಡಿ. ಅದು ‘ಫ್ಯಾಟ್ 32’ ಬಗೆಯದಾಗಿದ್ದರೆ 4 ಜಿಬಿಗಿಂತ ದೊಡ್ಡ ಕಡತ ಅದರಲ್ಲಿ ಹಿಡಿಯುವುದಿಲ್ಲ. ಮದುವೆಯ ವಿಡಿಯೋಗಳು ಸಿಕ್ಕಿಬೀಳುವುದು ಅಲ್ಲೇ.

ನಕಲಾಯಿತು ಎಂದು ಪರದೆ ಹೇಳಿದರೆ ಸಾಲದು. ಹಾರ್ಡ್‌ಡಿಸ್ಕನ್ನು ಮಗಳ ಲ್ಯಾಪ್‌ಟಾಪಿಗೆ ಚುಚ್ಚಿ 23 ಹಾಡನ್ನೂ ಹಾಕಿ ಕೇಳಿದೆ. ಮಿಂಟ್‌ನಲ್ಲಿ ‘ಟೈಮ್‌ಶಿಫ್ಟ್’ ಎಂಬುದೊಂದಿದೆಯಲ್ಲ, ಅದು ಎಲ್ಲವನ್ನೂ ಕಾಯುತ್ತದೆಂದು ಹಲವರು ನಂಬಿದ್ದಾರೆ. ಅದು ಕಾಯುವುದು ಯಂತ್ರದ ವ್ಯವಸ್ಥೆಯನ್ನು. ನಾವಾಗಿ ಹೇಳದಿದ್ದರೆ ನಮ್ಮ ಸಾಮಾನನ್ನಲ್ಲ.

ಆಮೇಲೆ ಹೊಸ ಮಿಂಟ್ ತುಂಬಿದ ಪೆನ್‌ಡ್ರೈವ್‌ನಿಂದಲೇ ಯಂತ್ರವನ್ನು ಶುರು ಮಾಡಿದೆ. ಅಲ್ಲಿ ಡಿಸ್ಕನ್ನು ಮುಟ್ಟದೆ ಸುಮ್ಮನೆ ಓಡಾಡಿ ನೋಡಬಹುದು. ಕಂಪ್ಯೂಟರು ಎದ್ದೇಳದೆ ಮುಷ್ಕರ ಹೂಡಿದರೂ, ಡಿಸ್ಕ್ ಚೆನ್ನಾಗಿದ್ದರೆ, ಇದೇ ದಾರಿಯಿಂದ ಹೊಕ್ಕು ಕಡತಗಳನ್ನು ಹೊರಗೆ ತರಬಹುದು.

ಹಾಕುವಾಗ ಒಂದು ಪ್ರಶ್ನೆ ಬರುತ್ತದೆ. ‘ಇರೇಸ್ ಡಿಸ್ಕ್’ ಎಂದರೆ ಮನೆಯನ್ನೂ ಸಾಮಾನನ್ನೂ ಒಟ್ಟಿಗೆ ಗುಡಿಸಿಹಾಕುವುದು. ನಾನು ಆರಿಸಿದ್ದು ‘ಸಮ್‌ಥಿಂಗ್ ಎಲ್ಸ್’. ಮಗ ಮೊದಲೇ ಡಿಸ್ಕನ್ನು ಭಾಗ ಮಾಡಿ, ‘ಹೋಮ್’ಗೆ ಬೇರೆ ಕೋಣೆ ಕೊಟ್ಟಿದ್ದ. ‘ರೂಟ್’ ಎಂಬ ವ್ಯವಸ್ಥೆಯ ಕೋಣೆಗೆ ಮಾತ್ರ ‘ಫಾರ್ಮ್ಯಾಟ್’ ಗುರುತು ಹಾಕಿದೆ. ‘ಹೋಮ್’ ಕೋಣೆಗೆ ಅದೇ ಹೆಸರು ಕೊಟ್ಟು, ಗುರುತು ಹಾಕದೆ ಬಿಟ್ಟೆ. ಯಾವ ಕೋಣೆ ಯಾವುದೆಂದು ಅಳತೆ ನೋಡಿ ಎರಡೆರಡು ಸಲ ತಾಳೆ ಹಾಕಿದೆ. ಬಳಕೆದಾರರ ಹೆಸರನ್ನೂ ಹಿಂದಿನದನ್ನೇ ಕೊಟ್ಟೆ. ಇಂಥ ಬೇರೆ ಕೋಣೆ ಇಲ್ಲದವರಿಗೆ ಹೊರಗಿಟ್ಟ ನಕಲೇ ಗತಿ. ಇದ್ದವರಿಗೂ ನಕಲಿಲ್ಲದೆ ಈ ಸಾಹಸ ಬೇಡ.

ಅರ್ಧ ಗಂಟೆಯ ಮೇಲೆ ಪರದೆ ಬೆಳಗಿತು. ನಮ್ಮ ಹಿತ್ತಲಿನ ತುಳಸಿಕಟ್ಟೆಯ ಚಿತ್ರ ಮೊದಲಿನಂತೆಯೇ ಇತ್ತು. ನಾವು ಬೇರೆಯಾಗಿ ಹಾಕಿಕೊಂಡಿದ್ದ ತಂತ್ರಾಂಶಗಳನ್ನಷ್ಟೇ ಮತ್ತೆ ಹಾಕಬೇಕಾಯಿತು. ಮಗನಿಗೆ ಫೋನು ಮಾಡಿದರೆ, "ಅಯ್ಯೋ ಅಮ್ಮಾ, ಹಾಡು?" ಎಂದ. ಮಾತಾಡದೆ ಒಂದು ಹಾಡು ಹಾಕಿ ಫೋನನ್ನು ಹತ್ತಿರ ಹಿಡಿದೆ. ಅಜ್ಜಿ ಒಲೆ ಆರಿಸಲು ಗದರುವುದು ಕೇಳಿ ಅವನೂ ಸುಮ್ಮನಾದ.

ಒಂದೇ ಊರಲ್ಲಿ ಎರಡು ನಕಲಿದ್ದರೂ ಕಳ್ಳತನ, ಬೆಂಕಿ, ಮಳೆ ಯಾರಿಗೂ ಹೇಳಿ ಬರುವುದಿಲ್ಲ. ಅದಕ್ಕೇ ಇನ್ನೊಂದು ನಕಲನ್ನು ಪೆನ್‌ಡ್ರೈವ್‌ಗೆ ತುಂಬಿ ಸಾಗರದಲ್ಲಿರುವ ನಾದಿನಿಗೆ ಕಳಿಸಿದೆ. ನಾಲ್ಕು ದಿನವಾದ ಮೇಲೆ ಅವಳ ಫೋನು ಬಂತು: "ಅತ್ತಿಗೆ, ಆರತಿ ಹಾಡಿನಲ್ಲಿ ಅಮ್ಮ ಒಂದು ನುಡಿ ಬಿಟ್ಟಿದ್ದಾಳೆ, ಕೇಳಿ." ಅವಳು ಹಾಡತೊಡಗಿದಳು. ನಾನು ರೆಕಾರ್ಡಿನ ಗುಂಡಿ ಒತ್ತಿದೆ. ಈಗ ಹಾಡುಗಳು 24.